ಸೋಮವಾರ ಕೇಳಲಿರುವ ಪ್ರಶ್ನೆ

ಮೇ ಹದಿನೇಳು, ಶನಿವಾರ

ಮೊಮ್ಮಗಳಿಗೆ ಆ ಮಹಿಳಾ ಮಹಾವಿದ್ಯಾಲಯದಲ್ಲಿ ಪ್ರವೇಶ ಸಿಕ್ಕೀತೇ ಎಂಬ ಒಂದೇ ಚಿಂತೆ ಬೆಳಗಿನಿಂದ ತಲೆ ಕೊರೆಯುತ್ತಿದೆ. ಅಂಕಗಳಿಗೇನೂ ಕೊರತೆಯಿಲ್ಲ. ಆದರೆ ಅಷ್ಟೇ ಅಂಕ ಪಡೆದವರು ಅಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ಸೋಮವಾರದ ಸಂದರ್ಶನವೇ ನಿರ್ಣಾಯಕ.

ಸಂಜೆ ಕೋಟು ತೊಟ್ಟು, ಊಟದ ಮೇಜಿನ ಎದುರು ಅವಳನ್ನು ಕೂರಿಸಿ, ನಾನೇ ಸಂದರ್ಶಕನಾದೆ. ಚೆನ್ನಾಗಿಯೇ ಉತ್ತರಿಸಿದಳು. 'ಬೇಸಿಕಲಿ' ಎಂದು ಮಾತು ಆರಂಭಿಸಬಾರದೆಂದು ತಿದ್ದಿದಾಗ, "ಅಜ್ಜಾ, ಅವ್ರು ನಿಮ್ಮಷ್ಟು ಕಾಟ ಕೊಡಲ್ಲ" ಎಂದು ನಕ್ಕಳು.

ಆಮೇಲೆ ಕೇಳಿದೆ: "ನಿಮ್ಮ ತಾಯಿಯವರೂ ಇಲ್ಲಿಯೇ ಓದಿದವರಲ್ಲವೇ? ಅವರ ವಿಷಯ ಹೇಳಿ."

ಹಳೆಯ ವಿದ್ಯಾರ್ಥಿನಿಯರ ಮಕ್ಕಳನ್ನು ಹೀಗೆ ಕೇಳುವುದು ಅಲ್ಲಿನ ರೂಢಿ, ಕೇಳದೆ ಬಿಡುವುದಿಲ್ಲ. ಅವಳು ತಲೆ ತಗ್ಗಿಸಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ನಾನು ಪಟ್ಟು ಬಿಡಲಿಲ್ಲ. "ಎರಡೇ ವಾಕ್ಯ ಸಾಕಮ್ಮ."

"ಹಾಗಾದ್ರೆ ನೀವೇ ಹೇಳಿ ತೋರ್ಸಿ."

"ನನ್ನ ಮಗಳು..." ಎಂದು ಆರಂಭಿಸಿದೆ. ಜೀವಮಾನವಿಡೀ ಅನ್ಯರ ವಾಕ್ಯಗಳನ್ನು ತಿದ್ದಿದವನಿಗೆ ಮುಂದಿನ ಒಂದು ಪದ ಸಿಗಲಿಲ್ಲ.

ಅವಳು ನೀರು ತಂದುಕೊಟ್ಟು, ಕಣ್ಣೊರೆಸಿಕೊಂಡು, "ಬಿಡಿ ಅಜ್ಜಾ, ನಮ್ಮಿಬ್ರಿಗೂ ಸೀಟ್ ಸಿಗಲ್ಲ" ಎಂದಳು. ಆ 'ಸೀಟ'ನ್ನು ನಾನು ತಿದ್ದಲಿಲ್ಲ.

ಉಳಿದಿರುವುದು ನಾಳೆ ಒಂದೇ ದಿನ. ಉತ್ತರವನ್ನು ಬರೆದುಕೊಟ್ಟರೆ ಮಗು ಬಾಯಿಪಾಠವಾದರೂ ಮಾಡಿಕೊಂಡೀತೆಂದು ಲೇಖನಿ ಹಿಡಿದು ಕುಳಿತಿದ್ದೇನೆ. ಅದು 'ನನ್ನ ತಾಯಿ' ಎಂದು ಆರಂಭವಾಗಬೇಕು. ಕೈ ಮಾತ್ರ ಪ್ರತಿ ಸಲವೂ 'ನನ್ನ ಮಗಳು' ಎಂದು ಬರೆದು, ಅಲ್ಲಿಯೇ ನಿಂತುಬಿಡುತ್ತಿದೆ.