ಮೂರು ಮೂಲೆ ಬಾಕಿ

ಡಿಸೆಂಬರ್ 3

ಇವತ್ತೂ ಅಂಗಡಿಯಲ್ಲಿ ನೊಣ ಹೊಡೆದಿದ್ದೇ ಕೆಲಸ. ಮಳೆ ನಿಂತ ಮೇಲೆ ಛತ್ರಿ ರಿಪೇರಿಯವನನ್ನು ಯಾರು ನೆನೆಯುತ್ತಾರೆ. ಯಾರೂ ವಾಪಸ್ ಕೇಳದ ಹಳೇ ಛತ್ರಿಗಳನ್ನು ಹರವಿಕೊಂಡು ಕೂತೆ. ಕೆಂಪು ಬಟ್ಟೆಯದೊಂದು, ಹಸಿರಿನವು ಮೂರು, ಬಿಡಿ ಕಡ್ಡಿಗಳು ಬೇಕಾದಷ್ಟು. ಕೆಂಪನ್ನು ಬಿಚ್ಚಿ ಹಿಡಿದೆ. ಎಂಟು ಕಡ್ಡಿ. ಕಡ್ಡಿಗಳ ನಡುವೆ ಬಟ್ಟೆಯನ್ನು ಒಳಕ್ಕೆ ಕತ್ತರಿಸಿದರೆ ಎಂಟು ಮೂಲೆ. ಒಳಗೊಂದು ಬಲ್ಬು... ನಕ್ಷತ್ರವೇ ಆಯಿತಲ್ಲ. ಇಷ್ಟು ವರ್ಷ ಕೈಯಲ್ಲಿ ಹಿಡಿದುಕೊಂಡೇ ಓಡಾಡಿದ್ದೇನೆ, ಹೊಳೆದಿರಲಿಲ್ಲ.

ಬಟನ್ ಒತ್ತಿದರೆ ಟಪ್ ಅಂತ ಅರಳುವ ಕ್ರಿಸ್ಮಸ್ ನಕ್ಷತ್ರ. ನೆನೆದೇ ಮೈ ಜುಮ್ಮೆಂದಿತು. ಊಟದ ಡಬ್ಬಿ ಮುಚ್ಚಿದಂತೆಯೇ ಮನೆಗೆ ಬಂತು. ಅದಕ್ಕೆ ಹೆಂಡತಿಯ ಹತ್ತಿರ ಬೈಸಿಕೊಂಡೆ.

ಹತ್ತನೇ ತಾರೀಖು ನಾವು ದತ್ತು ತಗೊಳ್ಳಬೇಕೆಂದಿರುವ ಮಗು ಬರುತ್ತಾಳೆ. ಮಕ್ಕಳ ನಿಲಯದ ಮೇಡಂ ಫೋನ್ ಮಾಡಿದ್ದರು. "ನಿಮ್ಮ ಕಾಗದಪತ್ರ ಎಲ್ಲ ಆಯ್ತು. ಇನ್ನು ಅವಳ ಒಪ್ಪಿಗೆ ಒಂದೇ. ಏಳು ವರ್ಷದ ಹುಡುಗಿ, ಅವಳಿಗೂ ಬಾಯಿದೆ. ಮೊದಲು ಬಂದು ಮನೆ ನೋಡ್ಲಿ."

ಅಮ್ಮನಿಗೆ ಆಗಿನಿಂದ ಒಂದೇ ದಿಗಿಲು. "ಈ ವಯಸ್ಸಲ್ಲಿ ನನಗೊಂದು ಪರೀಕ್ಷೆ. ಫೇಲಾದ್ರೆ ಯಾರಿಗೆ ಮುಖ ತೋರಿಸ್ಲಿ?"

ಡಿಸೆಂಬರ್ 6

ಮನೆ ಕಾರ್ಖಾನೆಯಾಗಿದೆ. ಇವಳು ತಾನು ಕೆಲಸ ಮಾಡುವ ಲಾಂಡ್ರಿಯಿಂದ ಹರಿದ ದಿಂಬಿನ ಕವರುಗಳನ್ನು ತಂದಿದ್ದಾಳೆ. ಹೂವಿನ ಆಕಾರಕ್ಕೆ ಕತ್ತರಿಸಿ, ಗಂಜಿಯಲ್ಲಿ ಅದ್ದಿ, ಇಸ್ತ್ರಿ ಹಾಕುತ್ತಾಳೆ. ತಗಡಿನ ಹಾಗೆ ಗರಿಗರಿ ನಿಲ್ಲುತ್ತವೆ. ಅಮ್ಮ ಅಪ್ಪನ ಹಳೇ ಸ್ವೆಟರ್ ಬಿಚ್ಚಿ ಉಣ್ಣೆಯ ಉಂಡೆ ಸುತ್ತುತ್ತಿದ್ದಾಳೆ, ತೂಗುಹಾಕಲು. "ಇದ್ದಾಗ ಮನೇಲಿ ಒಂದು ಕೆಲಸಕ್ಕೂ ಬರ್ಲಿಲ್ಲ ಅವರು. ಸ್ವೆಟರಾದ್ರೂ ಬರ್ಲಿ."

ನಾನು ಹಸಿರು ಛತ್ರಿಗಳನ್ನು ಒಂದೇ ಕೋಲಿಗೆ ಏರಿಸಿದೆ. ದೊಡ್ಡದು ಕೆಳಗೆ, ಸಣ್ಣದು ತುದಿಗೆ, ಎಲ್ಲವೂ ಅರ್ಧ ಬಿಚ್ಚಿದ್ದು. ಮರಳಿನ ಬಕೆಟ್ಟಿಗೆ ಊರಿದೆ. ಕ್ರಿಸ್ಮಸ್ ಮರ. ಎಲೆ ಉದುರುವ ಚಿಂತೆಯಿಲ್ಲ, ಮಳೆ ಬಂದರೂ ಭಯವಿಲ್ಲ ಅಂದೆ. ಇವಳು ನಗಲಿಲ್ಲ. ಅಡುಗೆಮನೆಗೆ ಹೋಗಿ ನಕ್ಕಳು, ಕೇಳಿಸಿತು.

ಡಿಸೆಂಬರ್ 9

ಎಲ್ಲ ಮುಗಿಯಿತು. ಗೋಡೆ ತುಂಬ ಬಿಳಿ ಹೂವು, ಮರದ ತುಂಬ ಉಂಡೆ, ಕಿಟಕಿಯಲ್ಲಿ ನಕ್ಷತ್ರ. ಒಂದು ದಾರ ಹೆಚ್ಚಿಲ್ಲ, ಒಂದು ಗಂಟು ಕಾಣುವುದಿಲ್ಲ. ಅರ್ಧ ಕೆಲಸ ಗಿರಾಕಿಯ ಕಣ್ಣಿಗೆ ಬೀಳಬಾರದು ಅಂತ ನನಗೆ ಕೆಲಸ ಕಲಿಸಿದ ಮೇಸ್ತ್ರಿ ಕಿವಿ ಹಿಂಡಿ ಹೇಳಿದ್ದರು. ಬಿದ್ದಿಲ್ಲ, ಇವತ್ತಿನವರೆಗೂ.

ಡಿಸೆಂಬರ್ 10, ಬೆಳಿಗ್ಗೆ

ಅಮ್ಮ ಹೊಸ ಕನ್ನಡಕ ಹಾಕಿಕೊಂಡು ಆರು ಗಂಟೆಯಿಂದ ಬಾಗಿಲಲ್ಲಿ ಕೂತಿದ್ದಾಳೆ. ಬರುವುದು ಹನ್ನೊಂದಕ್ಕೆ.

ಡಿಸೆಂಬರ್ 10, ಸಂಜೆ

ಬಂದಳು. ಎರಡು ಜಡೆ, ನೀಲಿ ಫ್ರಾಕು. ಬಲಗೈ ಜೇಬಿನಿಂದ ಹೊರಗೇ ಬರಲಿಲ್ಲ. ಒಂದೊಂದೇ ಹೂವಿನ ಮುಂದೆ ನಿಂತು ನೋಡಿದಳು. ನಾನು ಬಟನ್ ಒತ್ತಿದೆ — ಟಪ್. ಬೆಚ್ಚಿ, ಬಾಯಿ ತೆರೆದು ನಕ್ಕಳು. ಮುಂದಿನ ಹಲ್ಲು ಒಂದಿಲ್ಲ. ಆಮೇಲೆ ಸುತ್ತ ನೋಡಿ ಕೇಳಿದಳು.

"ಎಲ್ಲಾ ಆಗಿಹೋಗಿದೆಯಾ?"

"ಎಲ್ಲಾ ಆಗಿದೆ ಕಣಮ್ಮ. ಒಂದೂ ಬಾಕಿ ಇಲ್ಲ." ಬೀಗಿಬಿಟ್ಟೆ.

ಆಮೇಲೆ ಕುರ್ಚಿಯ ತುದಿಯಲ್ಲಿ ಕೂತಳು. ಕೇಳಿದ್ದಕ್ಕೆ ಹೂಂ, ಉಹೂಂ. ಅಷ್ಟೇ. ಹೊರಡುವಾಗ ಹಿಂತಿರುಗಿ ನೋಡಲಿಲ್ಲ. ಸುಸ್ತಾಗಿತ್ತೇನೋ...

ಡಿಸೆಂಬರ್ 12

ಫೋನ್ ಇಲ್ಲ.

ಡಿಸೆಂಬರ್ 14

ಮೇಡಂ ಫೋನ್. "ಮನೆ ಚೆನ್ನಾಗಿದೆ ಅಂದ್ಲು. ಅಜ್ಜಿ ಇಷ್ಟ ಅಂದ್ಲು. ಆದ್ರೆ ಅಲ್ಲಿ ನನಗೇನೂ ಕೆಲಸ ಇಲ್ಲ, ಎಲ್ಲಾ ಆಗಿಹೋಗಿದೆ ಅಂತಾಳೆ."

"ಬರಲ್ಲ ಅಂದ್ಲಾ?"

"ಬರಲ್ಲ ಅಂದಿಲ್ಲ. ಬರ್ತೀನಿ ಅಂತಲೂ ಅಂದಿಲ್ಲ. ಇಲ್ಲಿ ಕ್ರಿಸ್ಮಸ್ ಬಂದ್ರೆ ಕಾಗದ ಕತ್ತರಿಸೋದೆಲ್ಲ ಅವಳೇ. ದೊಡ್ಡ ಮಕ್ಕಳೂ ಅವಳಿಗಾಗಿ ಕಾಯ್ತಾರೆ. ಇಪ್ಪತ್ಮೂರಕ್ಕೆ ಇನ್ನೊಂದ್ಸಲ ಕರ್ಕೊಂಡು ಬರ್ತೀನಿ. ಅದೇ ಕೊನೆ. ಬಲವಂತ ಮಾಡೋ ಹಾಗಿಲ್ಲ."

ಇವಳು ಇಸ್ತ್ರಿ ನಿಲ್ಲಿಸಿ ಗೋಡೆ ನೋಡುತ್ತ ನಿಂತಳು. "ಮಗೂನ ಮನೆಗೆ ಕರೆದು ಎಕ್ಸಿಬಿಷನ್ ತೋರಿಸಿ ಕಳಿಸಿದ್ವಿ ನಾವು," ಅಂದಳು.

ಡಿಸೆಂಬರ್ 15

ಬಿಚ್ಚಿದೆವು. ಹೂವೆಲ್ಲ ಗೋಡೆಯಿಂದ ಇಳಿದವು. ಅಮ್ಮ ಉಂಡೆಗಳ ಬುಟ್ಟಿಯನ್ನು ಮಡಿಲಲ್ಲಿ ಅವುಚಿಕೊಂಡಳು. "ಇದಕ್ಕೆ ಕೈ ಹಾಕಿದ್ರೆ ನೋಡು." ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ತಾನೇ ಬಿಚ್ಚುತ್ತ ಕೂತಿದ್ದಾಳೆ, ಅಪ್ಪನನ್ನು ಬೈಯುತ್ತ.

ನಕ್ಷತ್ರದ ಮುಂದೆ ಬ್ಲೇಡು ಹಿಡಿದು ಕೂತೆ. ಒಂದು ಮೂಲೆ ಬಿಚ್ಚಿದರೆ ಸಾಲದೇ ಅಂದೆ.

"ಒಂದೇ ಬಾಕಿ ಬಿಟ್ರೆ ಸಮಾಧಾನಕ್ಕೆ ಮಿಠಾಯಿ ಕೊಟ್ಟ ಹಾಗಿರುತ್ತೆ. ಮೂರು ಬಿಚ್ಚಿ," ಅಂದಳು ಇವಳು.

ಮೂರು ಕಡ್ಡಿ ಬರಿಮೈಯಲ್ಲಿ ನಿಂತಿವೆ. ನೋಡಲಾರೆ.

ಡಿಸೆಂಬರ್ 19

ಅಂಗಡಿ ಪಕ್ಕದ ಸಲೂನಿನವನು ಮನೆಗೆ ಬಂದಿದ್ದ. ನಕ್ಷತ್ರ ನೋಡಿ, "ಇದೇನು ಮೇಸ್ತ್ರಿ, ಅರ್ಧ ಗಡ್ಡ ಬೋಳಿಸಿ ಎಬ್ಬಿಸಿದ ಹಾಗಿದೆ," ಅಂದ. ಅವನು ಹೋದದ್ದೇ ತಡ, ಸೂಜಿ ಹುಡುಕಿದೆ. ಬರೀ ಒಂದು ಹೊಲಿಗೆ... ಸೂಜಿ ಡಬ್ಬಿಯೇ ಇಲ್ಲ. ಇವಳು ಲಾಂಡ್ರಿಗೆ ಒಯ್ದಿದ್ದಾಳೆ. ನನ್ನನ್ನು ಚೆನ್ನಾಗಿ ಬಲ್ಲಳು.

ಡಿಸೆಂಬರ್ 23, ಬೆಳಿಗ್ಗೆ

ಅಮ್ಮ ಮತ್ತೆ ಆರು ಗಂಟೆಗೇ ಬಾಗಿಲಲ್ಲಿ. ನಾನೂ ಪಕ್ಕದಲ್ಲಿ ಕೂತೆ. ಬೇಡ ಅಂದುಬಿಟ್ಟರೆ... ಬರೆಯುವುದಿಲ್ಲ ಅದನ್ನು.

ಡಿಸೆಂಬರ್ 23, ಸಂಜೆ

ಖುಷಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಕುಣಿಯಲಿ.

ಮೇಡಂ ಮಗುವನ್ನು ಬಿಟ್ಟು, ಸಂಜೆ ಬರುತ್ತೇನೆ ಅಂತ ಹೋದರು. ಮಗು ನೇರ ನಕ್ಷತ್ರದ ಹತ್ತಿರ ಹೋಗಿ ಬರಿಯ ಕಡ್ಡಿ ಮುಟ್ಟಿದಳು.

"ಇದ್ಯಾಕೆ ಬೋಳು?"

"ಇನ್ನೂ... ಆಗಿಲ್ಲ," ಅಂದೆ.

"ಹೋದ್ಸಲ ಆಗಿತ್ತಲ್ಲ."

ಸಿಕ್ಕಿಬಿದ್ದೆ. ಹೆಂಡತಿ ನನ್ನ ಮುಖ ನೋಡಿದಳು, ನಾನು ಬಕೆಟ್ಟು ನೋಡಿದೆ. ಅಮ್ಮನೇ ಬಾಯಿ ಬಿಟ್ಟಳು. "ಬಿಚ್ಚಿದ್ವಿ ಕಣೇ. ನೀನಿಲ್ಲದೆ ಮಾಡಿದ್ದು ತಪ್ಪು ಅನಿಸ್ತು. ಈಗ ಮಾಡ್ತೀಯೋ, ಇವನ ಕೈಗೇ ಕೊಡ್ಲೋ?"

ಮಗು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಜೇಬಿನಿಂದ ಕೈ ತೆಗೆದಳು. ಕೈಯಲ್ಲಿ ಒಂದು ಪುಟ್ಟ ಕತ್ತರಿ. ಅವತ್ತೂ ಅದನ್ನೇ ತಂದಿದ್ದಳಂತೆ.

ಆಮೇಲೆ ಮನೆ ಅವಳ ಕೈಗೆ ಹೋಯಿತು. ನನ್ನ ಹೊಲಿಗೆ ವಾರೆ. ಅಜ್ಜಿಯ ಉಂಡೆ ಸಡಿಲ. ಕೆಂಪು ಬೇಡ, ನನ್ನ ಚೂರುಗಳ ಚೀಲದಲ್ಲಿದ್ದ ಆ ಚುಕ್ಕಿ ಚುಕ್ಕಿ ಹಳದಿ ಛತ್ರಿ ಪ್ಲಾಸ್ಟಿಕ್ಕೇ ಬೇಕು. ಕೆಂಪು ನಕ್ಷತ್ರಕ್ಕೆ ಹಳದಿ ಮೂಲೆ... ನನ್ನ ಮೇಸ್ತ್ರಿ ನೋಡಿದ್ದರೆ ಅಂಗಡಿಯಿಂದ ಓಡಿಸುತ್ತಿದ್ದರು. ತುಟಿ ಕಚ್ಚಿ ಕಡ್ಡಿ ಹಿಡಿದುಕೊಂಡೆ.

ಸಂಜೆ ಮೇಡಂ ಬಾಗಿಲಲ್ಲಿ. "ಹೊರಡೋಣವಾ?"

ಮಗು ತಲೆ ಎತ್ತಲೂ ಇಲ್ಲ. "ಇನ್ನೂ ಒಂದು ಮೂಲೆ ಬಾಕಿ ಇದೆ. ನೀವು ಹೋಗಿ."

"ನಾಳೆ ಬರ್ಲಾ?"

"ನಾಳೆ ಗೋಡೆ ಕೆಲಸ ಇದೆ."

"ನಾಡಿದ್ದು?"

"ನಾಡಿದ್ದು ಕ್ರಿಸ್ಮಸ್. ಕ್ರಿಸ್ಮಸ್ ದಿನ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ?"

ಮೇಡಂ ಕಾರಿಗೆ ಹೋಗಿ ಮಗುವಿನ ಬಟ್ಟೆಬರೆಯ ಚೀಲ ತಂದು ಬಾಗಿಲೊಳಗೆ ಇಟ್ಟರು. ಮೊದಲೇ ತಂದಿದ್ದರು, ಗಟ್ಟಿಗಿತ್ತಿ.

ಡಿಸೆಂಬರ್ 24, ದೀಪ ಹಚ್ಚುವ ಹೊತ್ತು

ಗೋಡೆ ಮುಗಿದಿದೆ. ಹೂವುಗಳು ಒಂದೂ ಸಾಲಿನಲ್ಲಿಲ್ಲ. ಅವಳ ಕೈ ಎಟುಕುವ ಎತ್ತರದಲ್ಲೇ ಎಲ್ಲ ಗುಂಪುಗೂಡಿವೆ, ಮೇಲಿನ ಗೋಡೆ ಖಾಲಿ. ಮುಂದಿನ ವರ್ಷ ಎತ್ತರ ಆಗ್ತೀನಿ, ಆಗ ಮೇಲಕ್ಕೆ ಹಾಕೋಣ ಅಂದಳು. ಮುಂದಿನ ವರ್ಷ! ಹೆಂಡತಿ ಕೇಳಿಸಿಕೊಂಡಿರಾ ಅಂತ ನನ್ನ ಕಾಲು ತುಳಿದಳು. ಜೋರಾಗಿಯೇ.

ನಕ್ಷತ್ರ ಮಡಚಿಕೊಂಡು ಕಿಟಕಿಯಲ್ಲಿ ತೂಗುತ್ತಿದೆ. ಬಟನ್ ಒತ್ತುವವರು ಯಾರು ಅಂತ ಅಜ್ಜಿ ಮೊಮ್ಮಗಳಿಗೆ ಜಗಳ. ಕೊನೆಗೆ ಒಬ್ಬಳು ಎಣಿಸುವುದು, ಇನ್ನೊಬ್ಬಳು ಒತ್ತುವುದು ಅಂತ ರಾಜಿಯಾಗಿದೆ. ಮಗು ನನಗೆ ಸ್ವಿಚ್ಚಿನ ಕೆಲಸ ಕೊಟ್ಟಿದ್ದಾಳೆ. "ಬರೆಯೋದು ಆಮೇಲೆ. ದೀಪ ಆರಿಸಿ, ಎಲ್ರೂ ಹಿಂದೆ ಸರೀರಿ," ಅನ್ನುತ್ತಿದ್ದಾಳೆ. ಒಂದು ಕೈ ಸ್ವಿಚ್ಚಿನ ಮೇಲಿದೆ, ಇನ್ನೊಂದರಲ್ಲಿ ಪೆನ್ನು. ಅಮ್ಮ ಎಣಿಸತೊಡಗಿದಳು. ಒಂದು... ಎರಡು —