ಯಜಮಾನರು ನಿಂತಿದ್ದ ಜಾಗ

ಇಂಜಿನಿಯರ್ ಸಾಹೇಬರೇ, ನಮಸ್ಕಾರ.

ಭೂಕಂಪವಾದ ಮೇಲೆ ನಮ್ಮ ಮನೆಯ ಬಿರುಕಿಗೆ ನೀವು ಅಂಟಿಸಿಹೋದ ಗಾಜಿನ ಪಟ್ಟಿ ಒಡೆದಿಲ್ಲ. “ಬಿರುಕು ಬೆಳೆದರೆ ಗಾಜು ಒಡೆಯುತ್ತೆ ಅಮ್ಮಾ, ಇಲ್ಲದಿದ್ದರೆ ನಾನು ಬರೋ ಅಗತ್ಯವಿಲ್ಲ” ಎಂದಿದ್ದಿರಿ.

ನೀವು ಕಂಬ ತಟ್ಟಿ ಸದ್ದು ಕೇಳುವುದನ್ನು ನಮ್ಮ ಯಜಮಾನರು ನೋಡಿದ್ದರೆ “ಏನ್ರೀ, ಕಲ್ಲಂಗಡಿ ಆರಿಸ್ತಿದ್ದೀರಾ?” ಎಂದು ಕಿಚಾಯಿಸುತ್ತಿದ್ದರು.

ಅವರ ಮೇಲೆ ಗೋಡೆ ಬಿದ್ದಾಗ ಎಲ್ಲಿದ್ದರೆಂದು ಕೇಳಿದಿರಿ. ಮುಂದಿನ ಮನೆಗಳನ್ನು ಗಟ್ಟಿಯಾಗಿ ಕಟ್ಟಲು ತಿಳಿಯಬೇಕೆಂದಿರಿ. “ಬಾಗಿಲ ಹತ್ತಿರ” ಎಂದಷ್ಟೇ ಹೇಳಿದೆ. ಅವರು ಹೊರಗೆ ಓಡಿದ್ದರು. ನನ್ನನ್ನು ಕರೆಯಲು ಮತ್ತೆ ಒಳಗೆ ಬರುತ್ತಿದ್ದರು. ಇದನ್ನೂ ಬರೆದುಕೊಳ್ಳಿ.

ನನಗೆ ನೋವಾದೀತೆಂದು ಬೀದಿಯವರು ಯಾರೂ ಅವರ ಮಾತೆತ್ತುವುದಿಲ್ಲ. ಕೇಳಿದವರು ನೀವೊಬ್ಬರೇ. ಕೆಲಸವಿಲ್ಲದಿದ್ದರೂ ಒಮ್ಮೆ ಬನ್ನಿ. ಇನ್ನೂ ಹೇಳುವುದಿದೆ.

ಇಂತಿ,
ಮೂಲೆಮನೆಯ ಹೆಂಗಸು