ಸಾಸಿವೆಯಷ್ಟು ಹೊರಗೆ

ಮಾರ್ಚ್ 4, ಮಂಗಳವಾರ

ಸ್ಪ್ಯಾನರ್‌ಗಳನ್ನು ಒರೆಸಿದೆ, ಟ್ರೇ ತೊಳೆದೆ. ನರ್ಸಮ್ಮನ ನೀಲಿ ಕಾರು ಬಂದಿದೆ. ನನಗಿಂತ ಎಂಟು ವರ್ಷ ಹಿರಿಯದು. ಎಂಜಿನ್ನಿನ ಮುಂಭಾಗದಲ್ಲಿ ಆಯಿಲ್ ಸೋರುತ್ತಿದೆ. ಟೈಮಿಂಗ್ ಕವರ್ ಬಿಚ್ಚಿ, ಆಯಿಲ್ ತಡೆಯುವ ರಬ್ಬರ್ ಸೀಲ್ ಬದಲಿಸಬೇಕು.

ಓನರ್ ಎಲ್ಲರೆದುರೇ ಮೇಸ್ತ್ರಿಗೆ ಅಂದರು: "ಕೈ ನಡುಗುತ್ತಲ್ಲ, ಆಗುತ್ತಾ? ಇನ್ನೊಂದು ಗಾಡಿ ಸೋರ್ಕೊಂಡು ವಾಪಸ್ ಬಂದ್ರೆ ನೀವು ಮನೇಲಿ ರೆಸ್ಟ್ ತಗೊಳ್ಳಿ."

ಮೂವತ್ತೆಂಟು ವರ್ಷ ದುಡಿದವರಿಗೆ ಈ ಮಾತು! "ಕಣ್ಣು ಅವರದು, ಕೈ ನಂದು. ನಾವಿಬ್ರೂ ಮಾಡ್ತೀವಿ" ಅಂದುಬಿಟ್ಟೆ.

ಮೇಸ್ತ್ರಿ ನಕ್ಕರು. "ನೋಡ್ರಪ್ಪಾ, ಕರಪತ್ರ ಮಾತಾಡ್ತು." ಅವರು ನನಗಿಟ್ಟ ಹೆಸರು ಅದು. ನನ್ನ ಬ್ಯಾಗಿನಲ್ಲಿ ಕಾರ್ಮಿಕ ಸಂಘದ ಕರಪತ್ರ ಸದಾ ನಾಲ್ಕು ಇರುತ್ತವಲ್ಲ...

ಮಾರ್ಚ್ 5

ಪುಲ್ಲಿಯ ಬೋಲ್ಟ್ ಒಂದು ಗಂಟೆ ಜಗ್ಗಲಿಲ್ಲ. ಕೊನೆಗೆ ಬಂತು. ಕವರ್ ಬಿಚ್ಚಿ ಹಳೆ ಗ್ಯಾಸ್ಕೆಟ್ ಕೆರೆದೆ, ಹಳೆ ಸೀಲ್ ಕಿತ್ತೆ. ಹೊಸದನ್ನು ಕೂರಿಸುವಾಗ ಮೇಸ್ತ್ರಿ: "ಪೂರ್ತಿ ಒಳಗೆ ಹೊಡೀಬೇಡ. ಸಾಸಿವೆಯಷ್ಟು ಹೊರಗಿರಲಿ."

"ಯಾಕೆ?"

"ಹೇಳಿದಷ್ಟು ಮಾಡಮ್ಮ." ಟೀ ಕುಡಿಯಲು ಹೋದರು.

ಮ್ಯಾನುಯಲ್ ತೆಗೆದು ನೋಡಿದೆ. ಕವರಿನ ಅಂಚಿಗೆ ಸಮವಾಗಿರಬೇಕು ಎಂದಿದೆ. ಚಿತ್ರವೂ ಇದೆ. ಹಾಗಾದರೆ ಈ ಸಾಸಿವೆ ಎಲ್ಲಿಂದ ಬಂತು? ಕಾರಣ ಹೇಳದ ಅಪ್ಪಣೆಗೆ ತಲೆಬಾಗುವುದೇ ಗುಲಾಮಗಿರಿಯ ಮೊದಲ ಮೆಟ್ಟಿಲು. ಹೋದ ತಿಂಗಳ ಕರಪತ್ರ, ಎರಡನೇ ಪುಟ. ನಾನೇ ಅಡಿಗೆರೆ ಹಾಕಿದ್ದು.

ಸಮವಾಗಿಯೇ ಹೊಡೆದೆ. ಅವರು ಬರುವಷ್ಟರಲ್ಲಿ ಕವರೂ ಪುಲ್ಲಿಯೂ ಮೇಲೇರಿ ಸೀಲ್ ಮರೆಯಾಗಿತ್ತು.

ಮನೆಯಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. "ಲೋಕ ರಿಪೇರಿ ಆಮೇಲೆ ಮಾಡುವಂತೆ. ಮೊದಲು ಉಗುರು ತೊಳಿ" ಅಂದಳು.

ಮಾರ್ಚ್ 6

ಒಂದು ಹನಿಯೂ ಇಲ್ಲ. ನರ್ಸಮ್ಮ ಖುಷಿಯಾಗಿ ಹೋದರು. ಅಚ್ಚಾದ ಮಾತಿಗೆ ಜಯ.

ಮಾರ್ಚ್ 12

ನೀಲಿ ಕಾರು ವಾಪಸ್.

"ನಿಂತಲ್ಲೆಲ್ಲ ಸಹಿ ಹಾಕ್ತಿದೆ ಕಣಪ್ಪಾ ನನ್ನ ಕಾರು" ಅಂದರು ನರ್ಸಮ್ಮ. ಯಾರೂ ನಗಲಿಲ್ಲ.

ಮೇಸ್ತ್ರಿ ತಾವೇ ಪುಲ್ಲಿ ಬಿಚ್ಚಿದರು. ಸೀಲಿನ ಅಂಚನ್ನು ಬೆರಳಿನಿಂದ ಸವರಿದರು. ನನ್ನನ್ನು ನೋಡಿದರು. ಒಂದೇ ಸಲ. ಆಮೇಲೆ ಓನರ್ ಕಡೆ ತಿರುಗಿ, "ನಂದೇ ತಪ್ಪು ಸ್ವಾಮಿ. ಕಣ್ಣು ಮಂಜಾಗಿದೆ."

"ಸೋಮವಾರದಿಂದ ಬರಬೇಡಿ."

ಫ್ಯಾಕ್ಟರಿ ಗೇಟುಗಳಲ್ಲಿ ಗಂಟಲು ಹರಿಯುವಂತೆ ಕೂಗಿದವಳು ನಾನು. ಇವತ್ತು ಬಾಯಿಗೆ ಬೀಗ ಬಿದ್ದಿತ್ತು. ಬೀಗದ ಕೈಯೂ ನನ್ನ ಹತ್ತಿರವೇ ಇತ್ತು.

ಮಾರ್ಚ್ 15, ಶನಿವಾರ

ಊಟದ ಹೊತ್ತಿಗೆ ಮೇಸ್ತ್ರಿ ಕರೆದು ಪುಲ್ಲಿಯನ್ನು ಕೈಗಿಟ್ಟರು. "ಸೀಲಿನೊಳಗೆ ತಿರುಗೋ ಇದರ ಕುತ್ತಿಗೆ ಮೇಲೆ ಉಗುರು ಓಡಿಸು."

ಓಡಿಸಿದೆ. ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಗೀರು. ಕಣ್ಣಿಗೆ ಕಾಣದಷ್ಟು ಸಣ್ಣದು.

"ಹಳೆ ಸೀಲು ಮೂವತ್ತು ವರ್ಷ ಅಲ್ಲೇ ಉಜ್ಜಿದೆ. ಹೊಸದೂ ಅದೇ ಗೀರಲ್ಲಿ ಕೂತ್ರೆ ಸೋರದೆ ಇನ್ನೇನು? ಸಾಸಿವೆಯಷ್ಟು ಈಚೆ ಕೂತ್ರೆ ಸವೆಯದ ಜಾಗ ಸಿಗುತ್ತೆ."

"ಇದನ್ನ ಅವತ್ತೇ ಹೇಳಬಹುದಿತ್ತಲ್ಲ ಮೇಸ್ತ್ರಿ!"

"ನನಗ್ಯಾರು ಹೇಳಿದ್ರು? ತಲೆ ಮೇಲೆ ಮೊಟಕಿಸ್ಕೊಂಡು ಕಲ್ತೆ. ಕಾರಣ ಹೇಳೋ ರೂಢೀನೇ ಇಲ್ವಲ್ಲಮ್ಮ ನಮಗೆ." ಪುಲ್ಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಹೇಳಬೇಕಿತ್ತು."

ತಪ್ಪು ಯಾಕೆ ಮೈಮೇಲೆ ಎಳೆದುಕೊಂಡಿರಿ ಎಂದು ಕೇಳಿದೆ.

"ನಾನು ಹೇಗಿದ್ರೂ ಹೋಗೋನು. ನಿನ್ನ ಹೊರಗೆ ಹಾಕಿದ್ರೆ? ಹುಡುಗಿ ಕೈಗೆ ಸ್ಪ್ಯಾನರ್ ಕೊಡೋ ಗ್ಯಾರೇಜು ಇನ್ನೆಷ್ಟಿವೆ?"

ಇನ್ನೊಂದು ಹೊಸ ಸೀಲ್ ಕೂರಿಸಿದೆ. ಸಾಸಿವೆಯಷ್ಟು ಹೊರಗೆ. ಅವರು ಪಕ್ಕದಲ್ಲೇ ನಿಂತಿದ್ದರು.

ಮಾರ್ಚ್ 16

ಷಟರ್‌ಗೆ ಅಂಟಿಸುವ ಚೀಟಿಯನ್ನು ಆರು ಸಲ ಬರೆದೆ. ಮೊದಲನೆಯದು ಹೀಗಿತ್ತು: 'ಜ್ಞಾನವನ್ನು ಬಚ್ಚಿಡುವ ವ್ಯವಸ್ಥೆಯೇ ಇಂಥ ತಪ್ಪುಗಳ ತಾಯಿ.' ಹರಿದೆ. ಸುಳ್ಳಲ್ಲ ಅದು. ಆದರೆ ಅದರಲ್ಲಿ ನಾನೇ ಇರಲಿಲ್ಲ.

ಆರನೆಯದು: 'ನೀಲಿ ಕಾರಿನ ಸೀಲನ್ನು ಪೂರ್ತಿ ಒಳಗೆ ಹೊಡೆದದ್ದು ನಾನು. ಮೇಸ್ತ್ರಿ ಬೇಡ ಎಂದಿದ್ದರು.'

ನಾನು ಬರೆದ ಅತಿ ಚಿಕ್ಕ ಕರಪತ್ರ.

ಮಾರ್ಚ್ 17, ಬೆಳಿಗ್ಗೆ 8.40

ಷಟರ್ ಮೇಲೆ ಚೀಟಿ ಅಂಟಿಸಿ ಎದುರಿನ ಟೈರಿನ ಮೇಲೆ ಕೂತಿದ್ದೇನೆ. ಅಂಗಳದಲ್ಲಿ ನಿಂತ ನೀಲಿ ಕಾರಿನಡಿ ಹಾಸಿದ್ದ ರಟ್ಟು ಎಳೆದು ನೋಡಿದೆ. ಒಂದು ಕಲೆಯೂ ಇಲ್ಲ.

ಮೇಸ್ತ್ರಿ ಟೂಲ್ ಬಾಕ್ಸ್ ಒಯ್ಯಲು ಬಂದರು. ಚೀಟಿ ಓದಿದರು. "ಕಿತ್ತುಬಿಡೇ ಹುಚ್ಚಿ, ಓನರ್ ಬರೋ ಹೊತ್ತು."

ಕಿತ್ತೆ. ಅವರು ಹೇಳಿದರೆಂದಲ್ಲ. ಅಂಟಿಸಿ ದೂರ ಕೂತಿದ್ದೆನಲ್ಲ, ಅದು ಸರಿಕಾಣಲಿಲ್ಲ. ಬಾಯಲ್ಲೇ ಹೇಳುವುದು. ಎಲ್ಲರೆದುರು; ಓನರ್ ಮೇಸ್ತ್ರಿಗೆ ಅಂದದ್ದೂ ಎಲ್ಲರೆದುರೇ.

ಮೇಸ್ತ್ರಿ ಷಟರ್ ಪಕ್ಕದಲ್ಲಿದ್ದ ಬಾಕ್ಸ್ ಎತ್ತಲು ಹೋದರು. ಅದರ ಮೇಲೆ ನಾನು ಕೂತೆ. "ಏಳೇ" ಅನ್ನುತ್ತಿದ್ದಾರೆ. ಏಳುವುದಿಲ್ಲ.

ಗ್ಯಾರೇಜಿನ ಹುಡುಗರೆಲ್ಲ ಬಂದಾಯಿತು. ಗೇಟಿನಲ್ಲಿ ಓನರ್ ಬೈಕ್. ಸ್ಟ್ಯಾಂಡ್ ಹಾಕಿದರು. ಈಗ ಎದ್ದೆ—